ಪಾಯಸದ ಹಾಲು ಮತ್ತು ಶನಿವಾರದ ಉಬ್ಬರ

ನಿಭಾರಾಣಿ ಗಾಯೇನ್ ಅವರೊಡನೆ ಮೊದಲ ಮಾತುಕತೆಯನ್ನು ಗೊತ್ತುಮಾಡಲು ಎರಡು ತಿಂಗಳು ಹಿಡಿಯಿತು. ಫೋನಿನಲ್ಲಿ ಕೇಳಿದಾಗಲೆಲ್ಲ ಅವರು ತಾರೀಖು ಹೇಳುತ್ತಿರಲಿಲ್ಲ, ತಿಥಿ ಹೇಳುತ್ತಿದ್ದರು. "ಏಕಾದಶಿ ಆದ್ಮೇಲೆ ಬರ್ಬೇಡಿ, ನೀರು ಏರ್ತಾ ಇರತ್ತೆ, ನನಗೆ ಪುರುಸೊತ್ತಿರಲ್ಲ. ಹುಣ್ಣಿಮೆ ಕಳೀಲಿ. ಸಪ್ತಮಿ, ಅಷ್ಟಮಿ ಹೊತ್ತಿಗೆ ಬನ್ನಿ. ಆಗ ನದಿ ಸೋಮಾರಿ, ನಾನೂ ಸೋಮಾರಿ." ಹಾಗೆ ಗೊತ್ತುಮಾಡಿದ ಮೊದಲ ಅಷ್ಟಮಿಯಂದು ಅವರ ನದಿದ್ವೀಪದ ದಕ್ಷಿಣದ ಪಾಡಾದಲ್ಲಿ, ಅಂದರೆ ಕೇರಿಯಲ್ಲಿ, ಒಬ್ಬಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಎರಡನೆಯ ಅಷ್ಟಮಿಯಂದು ಲಸಿಕೆಯ ಪೆಟ್ಟಿಗೆ ಬಂತು. ಕೊನೆಗೆ ದೋಣಿಯವ ಅನುಕೂಲ್ ಮೃಧಾ ಮಧ್ಯೆ ನಿಂತು, "ದಿದಿ, ಅವರನ್ನ ನಾನೇ ಕರ್ಕೊಂಡು ಬರ್ತೀನಿ, ನೀನು ಓಡಿಹೋಗೋದು ಹೇಗೆ ನೋಡ್ತೀನಿ" ಎಂದ ಮೇಲೆ ಫಾಲ್ಗುಣದ ಶುಕ್ಲ ಅಷ್ಟಮಿ ಖಾತ್ರಿಯಾಯಿತು. ಅದು 2022ರ ಮಾರ್ಚ್ 10, ಗುರುವಾರ. ಮಾತುಕತೆ ನಡೆದದ್ದು ಹೆಂತಾಲಖಾಲಿ ದ್ವೀಪದ ಘಾಟಿನಿಂದ, ಅಂದರೆ ದೋಣಿಕಟ್ಟೆಯಿಂದ, ಇನ್ನೂರು ಹೆಜ್ಜೆ ದೂರದ ಅವರ ಮನೆಯ ಜಗುಲಿಯಲ್ಲಿ. ಅವರ ಗಂಡ ಸುಬಲ್ ಅಂದು ಹೊಲಿಗೆ ಯಂತ್ರವನ್ನು ಒಳಗಿಟ್ಟಿದ್ದರು. ಅದರ ಸದ್ದು ಧ್ವನಿಮುದ್ರಣಕ್ಕೆ ಅಡ್ಡಬರುತ್ತದೆಂದು ನಿಭಾರಾಣಿಯವರೇ ಹಾಗೆ ಮಾಡಿಸಿದ್ದರು.

ಮುಂದೆ ಇನ್ನೆರಡು ಬಾರಿ ಕುಳಿತದ್ದಾಯಿತು. ಒಟ್ಟು ಹನ್ನೊಂದು ಗಂಟೆಯ ಮಾತು. ಅನುಕೂಲ್‌ನ ಹೇಳಿಕೆಯನ್ನೂ ಖೇಂತಮಣಿ ಸರ್ದಾರ್ ಎಂಬ ವೃದ್ಧೆಯ ಹೇಳಿಕೆಯನ್ನೂ ಬೇರೆಬೇರೆಯಾಗಿ ಪಡೆದು, ನಿಭಾರಾಣಿಯವರ ಹದಿನಾರು ನೋಟುಪುಸ್ತಕಗಳೊಡನೆ ತಾಳೆ ನೋಡಲಾಗಿದೆ. ಹೇಳಿಕೆಗಳು ಕೂಡದಿರುವ ಕಡೆ ಅದನ್ನು ಹಾಗೆಯೇ ಹೇಳಲಾಗಿದೆ.

ನಿಭಾರಾಣಿ ಹುಟ್ಟಿದ್ದು 1969ರಲ್ಲಿ, ಇದೇ ದ್ವೀಪದಲ್ಲಿ. ತಂದೆ ದ್ವೀಪವನ್ನು ನದಿಯಿಂದ ಕಾಯುವ ಒಡ್ಡಿಗೆ ಮಣ್ಣು ಹೊರುತ್ತಿದ್ದರು. ಎಂಟನೆಯ ತರಗತಿಯವರೆಗೆ ಓದಿ, ಎರಡು ಪಾಡಾ ಆಚೆಗೆ ಮದುವೆಯಾಗಿ ಬಂದ ಈಕೆ 2007ರಲ್ಲಿ ಆಶಾ ಕಾರ್ಯಕರ್ತೆಯಾದರು. ಬಸುರಿಯರ ಹೆಸರು ಬರೆದುಕೊಳ್ಳುವುದು, ಮಾತ್ರೆ ಕೊಡುವುದು, ದಿನ ತುಂಬಿದವರನ್ನು ನದಿ ದಾಟಿಸಿ ಬ್ಲಾಕ್ ಆಸ್ಪತ್ರೆಗೆ ಮುಟ್ಟಿಸುವುದು ಕೆಲಸ. ಇಲ್ಲಿ ಆಂಬುಲೆನ್ಸ್ ಎಂದರೆ ಅನುಕೂಲ್‌ನ ಮೋಟಾರು ದೋಣಿ. ಉಬ್ಬರವಿದ್ದಾಗ ಅದು ಘಾಟಿನ ಮೆಟ್ಟಿಲಿಗೇ ಬಂದು ನಿಲ್ಲುತ್ತದೆ. ಇಳಿತದಲ್ಲಿ ಮೆಟ್ಟಿಲಿಗೂ ದೋಣಿಗೂ ನಡುವೆ ತೊಡೆಮಟ್ಟದ ಕೆಸರು, ಮೂವತ್ತು ಮಾರು. ಗಟ್ಟಿಮುಟ್ಟಾದ ಗಂಡಸರೇ ಅಲ್ಲಿ ಚಪ್ಪಲಿ ಕಳೆದುಕೊಳ್ಳುತ್ತಾರೆ.

ಆದ್ದರಿಂದ ಅವರ ನೋಟುಪುಸ್ತಕದಲ್ಲಿ ಹೆರಿಗೆಯ ದಿನವನ್ನು ಎರಡು ಸಲ ಬರೆದಿದೆ. ಆಸ್ಪತ್ರೆ ಕೊಟ್ಟ ತಾರೀಖು ಒಂದು ಕಡೆ, ಅದಕ್ಕೆ ಹೊಂದುವ ತಿಥಿ ಇನ್ನೊಂದು ಕಡೆ. "ತಾರೀಖಿಗೆ ನೀರಿನ ವಿಷಯ ಏನು ಗೊತ್ತು?" ಎಂದು ಅವರು ಕೇಳುತ್ತಾರೆ. ವೈಶಾಖ-ಜ್ಯೇಷ್ಠ, ಆಶ್ವಯುಜ-ಕಾರ್ತೀಕ, ಇವು ಗಾಳಿಯ ತಿಂಗಳುಗಳು. ಅವುಗಳಲ್ಲಿ ಅಮಾವಾಸ್ಯೆಯ ಅಥವಾ ಹುಣ್ಣಿಮೆಯ ಆಸುಪಾಸು ದಿನ ತುಂಬುವವಳು ಅದರ ಹಿಂದಿನ ಅಷ್ಟಮಿಗೇ ದ್ವೀಪ ಬಿಡಬೇಕು. ಚಂಡಮಾರುತ ದೊಡ್ಡ ಉಬ್ಬರದ ಬೆನ್ನೇರಿ ಬಂದರೆ ಒಡ್ಡು ನಿಲ್ಲುವುದಿಲ್ಲವೆಂಬುದು ಮಣ್ಣು ಹೊತ್ತವನ ಮಗಳಿಗೆ ಯಾರೂ ಕಲಿಸಬೇಕಾದ ಪಾಠವಾಗಿರಲಿಲ್ಲ. ಸುಬಲ್ ದಪ್ಪ ಕ್ಯಾನ್ವಾಸಿನಲ್ಲಿ ಹೊಲಿದುಕೊಟ್ಟ ಜೋಲಿಗಳು ಆರು. ನಾಲ್ಕು ಜನ ಹಿಡಿದರೆ ಒಬ್ಬಳನ್ನು ಕುಲುಕದೆ ಒಯ್ಯಬಹುದು.

ಇಷ್ಟೆಲ್ಲ ವ್ಯವಸ್ಥೆಯೂ ಒಮ್ಮೆ ಸೋತಿತು. ಅದನ್ನು ಅವರು ಹೇಳಿದ್ದು ಎರಡನೆಯ ಭೇಟಿಯಲ್ಲಿ. ಮೊದಲು ಧ್ವನಿಮುದ್ರಣವನ್ನು ನಿಲ್ಲಿಸಲು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ, "ಹಾಕಿ. ಇದೂ ಇರ್ಲಿ" ಎಂದರು.

2009ರ ಜ್ಯೇಷ್ಠದ ಗಾಳಿಗೆ ಮುನ್ನಾದಿನ ಪಟ್ಟಿಯಲ್ಲಿದ್ದ ನಾಲ್ವರು ಬಸುರಿಯರನ್ನೂ ಅವರು ದಾಟಿಸಿದ್ದರು. ಬ್ಲಾಕ್ ಕಚೇರಿಯವರು ಶಹಬ್ಬಾಸ್ ಎಂದಿದ್ದರು. ಮಾರನೆಯ ದಿನ ಒಡ್ಡು ಒಡೆಯಿತು. ಮೂರನೆಯ ದಿನ ಉಳಿದ ಒಡ್ಡಿನ ತುಣುಕಿನ ಮೇಲೆ, ಐದನೆಯ ಬಸುರಿ ಟುಸು ಬೈದ್ಯ ಹೆತ್ತಳು, ರಕ್ತ ನಿಲ್ಲಲಿಲ್ಲ. ಅವಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಇರುವ ಹಾಗೂ ಇರಲಿಲ್ಲ. ಬಸುರಿಯ ಹೆಸರು ದಾಖಲಾಗುವುದು ಅತ್ತೆಮನೆಯ ಊರಿನಲ್ಲಿ, ಹೆರಲು ಬರುವುದು ತವರಿಗೆ. ಟುಸು ಊರ ಮಗಳು. ಊರ ಮಗಳು ಮನೆಗೆ ಬಂದಿದ್ದಾಳೆಂದು ಆಶಾ ದಿದಿಗೆ ಹೋಗಿ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಅವಳನ್ನ ನಾನು ಒಂದು ವಾರದ ಹಿಂದೆ ಕೊಳದ ಮೆಟ್ಲ ಮೇಲೆ ನೋಡಿದ್ದೆ," ಎಂದರು ನಿಭಾರಾಣಿ. "ಯಾವಾಗ ಬಂದ್ಯೇ ಅಂತ ಕೇಳ್ದೆ. ನಕ್ಕಳು. ನಾನೂ ನಕ್ಕು ಮುಂದೆ ಹೋದೆ. ಪಟ್ಟಿ ನನ್ನ ಕಂಕುಳಲ್ಲೇ ಇತ್ತು."

ಆಮೇಲೆ ಅವರು ಪಟ್ಟಿಯ ಹೊರಗಿನವರನ್ನು ಹುಡುಕುವ ದಾರಿ ಹುಡುಕಿದರು. ತವರಿಗೆ ಬಂದ ಮಗಳಿಗೆ ಒಂಬತ್ತನೆಯ ತಿಂಗಳಲ್ಲಿ ಬಯಕೆಯೂಟ ಬಡಿಸುವುದುಂಟು, ಇಲ್ಲಿ ಅದನ್ನು ಸಾಧ್ ಎನ್ನುತ್ತಾರೆ. ಮೀನು, ಐದು ಬಗೆಯ ಕರಿದ ಪಲ್ಯ ಏನಿದ್ದರೂ ಪಾಯಸವಿಲ್ಲದೆ ಸಾಧ್ ಆಗದು. ಪಾಯಸಕ್ಕೆ ಹಾಲು ಬೇಕು. ದ್ವೀಪಕ್ಕೆಲ್ಲ ಹಾಲು ಹಾಕುವವನು ಗೋಷ್ಠ ಘೋಷ್ ಒಬ್ಬನೇ.

"ಗೋಷ್ಠದಾ, ಈ ವಾರ ಯಾರ ಮನೆಗೆ ಹಾಲು ಜಾಸ್ತಿ ಹೋಯ್ತು?"

"ನಿನಗ್ಯಾಕಮ್ಮಾ? ನನ್ನ ವ್ಯಾಪಾರದ ಮೇಲೆ ಕಣ್ಣಾ?"

"ನಿನ್ನ ನೀರಿನ ವ್ಯಾಪಾರ ಕಟ್ಕೊಂಡು ನನಗೇನು? ಹಾಲು ಯಾರಿಗೆ ಕೊಟ್ಟೆ ಹೇಳು."

"ಮಿದ್ದೆಯವರ ಮನೆಗೆ ಎರಡು ಲೀಟರ್. ಪಾಯಸಕ್ಕಂತೆ."

"ಹುಟ್ಟಿದ ಹಬ್ಬಕ್ಕೋ, ಸಾಧ್‌ಗೋ?"

"ಹೊಟ್ಟೆ ನೋಡ್ಕೊಂಡು ಹಾಲು ಅಳೀತೀನಾ ನಾನು? ಹೋಗಿ ಕೇಳ್ಕೋ ಹೋಗು!"

ಅವರು ಹೋಗಿ ಕೇಳುತ್ತಿದ್ದರು. ಹತ್ತು ವರ್ಷಗಳಲ್ಲಿ ಹಾಲಿನ ಜಾಡು ಹಿಡಿದು ಪಟ್ಟಿಯಲ್ಲಿಲ್ಲದ ಇಪ್ಪತ್ತಾರು ಹೆಣ್ಣುಮಕ್ಕಳನ್ನು ಕಂಡುಹಿಡಿದೆನೆಂದು ಅವರು ಹೇಳುತ್ತಾರೆ. ನೋಟುಪುಸ್ತಕಗಳಲ್ಲಿ ಇಪ್ಪತ್ತಮೂರು ಹೆಸರುಗಳನ್ನು ಓದಬಹುದು, ಉಳಿದ ಹಾಳೆಗಳನ್ನು ಗೆದ್ದಲು ತಿಂದಿದೆ. ಆ ಹತ್ತು ವರ್ಷ ದ್ವೀಪದ ಯಾವ ಬಸುರಿಯೂ ಗಾಳಿಯ ದಿನ ಇಲ್ಲಿ ಉಳಿದಿರಲಿಲ್ಲ. ಪಕ್ಕದ ಮೂರು ದ್ವೀಪಗಳ ಆಶಾ ದಿದಿಯರು ತಮ್ಮ ತಮ್ಮ ಹಾಲಿನವರನ್ನು ಕಾಡತೊಡಗಿದ್ದರು.

2019ರ ಕಾರ್ತೀಕದಲ್ಲಿ ಮತ್ತೆ ಗಾಳಿಯ ಸುದ್ದಿ ಬಂತು. ನವೆಂಬರ್ 8, ಶುಕ್ರವಾರ, ಏಕಾದಶಿ. ಬೆಳಗಿನ ಉಬ್ಬರದಲ್ಲೇ ಪಟ್ಟಿಯ ಏಳು ಮಂದಿಯನ್ನೂ ಹಾಲಿನಿಂದ ಪತ್ತೆಯಾದ ಇಬ್ಬರನ್ನೂ ಅನುಕೂಲ್ ದಾಟಿಸಿದ. ಶನಿವಾರ ಬೆಳಿಗ್ಗೆ ಹತ್ತರ ಮೇಲೆ ಯಾವ ದೋಣಿಯೂ ಹೊರಡುವಂತಿಲ್ಲ ಎಂದು ಮೈಕಿನಲ್ಲಿ ಕೂಗಿ ಹೋಗಿದ್ದರು. ಮಧ್ಯಾಹ್ನ ಇಳಿತದ ಹೊತ್ತಿಗೆ ಅನುಕೂಲ್ ಹಿಂದಿರುಗಿದಾಗ ನಿಭಾರಾಣಿ ಘಾಟಿನಲ್ಲಿ ಕಾಯುತ್ತಿದ್ದರು.

"ಒಂಬತ್ತೂ ಇಳಿಸ್ಬಿಟ್ಟೆ ದಿದಿ. ಡಾಕ್ಟರ್ ಬಾಬು ಎಣಿಸ್ಕೊಂಡ್ರು, ಕೋಳಿಮರಿ ಎಣಿಸಿದ ಹಾಗೆ."

"ಸರಿ, ಇನ್ನು ನಿನ್ನ ದೋಣೀನ ಒಳಗಿನ ಕಾಲುವೆಗೆ ತಗೊಂಡ್ಹೋಗಿ ಎರಡು ಹಗ್ಗ ಹಾಕಿ ಕಟ್ಟು."

ಅನುಕೂಲ್ ಕದಲಲಿಲ್ಲ. ಸೊಂಟದ ತನಕ ಕೆಸರು ಮೆತ್ತಿಕೊಂಡು ನಿಂತೇ ಇದ್ದ. ಅವನ ಕೈಯಲ್ಲೊಂದು ದಿಂಬು.

"ಇದು ನನ್ನ ದೋಣೀಲೇ ಉಳ್ಕೊಂಡಿತ್ತು ದಿದಿ."

"ಯಾರ್ದು?"

"ಹೆಸರು ಹೇಳಲ್ಲ. ಮಗನ ತಲೆ ಮೇಲೆ ಆಣೆ ಹಾಕಿಸ್ಕೊಂಡಿದಾರೆ. ಭಾಯಿಫೋಂಟಾ ಹಬ್ಬದ ದಿನ ಅಣ್ಣನ ಹಣೆಗೆ ಬೊಟ್ಟಿಡೋಕೆ ಅಂತ ಒಬ್ಳು ಬಂದ್ಲು. ದೋಣಿ ನಡುವೆ ಈ ದಿಂಬು ಹಾಕ್ಕೊಂಡು ಕೂತ್ಳು. ದೋಣಿ ಅಲುಗಿದ್ರೆ ಹೊಟ್ಟೆ ಹಿಡ್ಕೋತಿದ್ಲು. ವಾಪಸ್ ಹೋಗೋಕೆ ಬರ್ಲೇ ಇಲ್ಲ." ಅವನು ದಿಂಬನ್ನು ಮುಂದೆ ಚಾಚಿದ. "ದಿಂಬಿನ ಬಗ್ಗೆ ಯಾರೂ ಆಣೆ ಹಾಕಿಸಿಲ್ಲ."

ದಿಂಬಿನ ಗವಸಿನ ಮೇಲೆ ಕೆಂಪು ನೂಲಿನ ಮೀನು, ಬಾಲ ಎಡಕ್ಕೆ ತಿರುಗಿದ್ದು. ದ್ವೀಪದಲ್ಲಿ ಆ ಮೀನು ಹಾಕುವ ಕೈ ಒಂದೇ ಎಂದು ಪ್ರತಿ ಹೆಂಗಸಿಗೂ ಗೊತ್ತು.

"ಹತ್ತು ದಿನ ಬಾಯಿ ಹೊಲಿದುಕೊಂಡಿದ್ಯಲ್ಲೋ, ಕತ್ತೆ!"

"ಆಣೆ ದಿದಿ. ಮಗಂಗೆ ಏನಾದ್ರೂ ಆದ್ರೆ?"

"ನಿನ್ನ ಮಗಂಗೆ ಏನೂ ಆಗಲ್ಲ. ಆದ್ರೆ ನಿನಗೇ ಆಗತ್ತೆ, ನನ್ನ ಕೈಯಿಂದ. ದೋಣಿ ಕಾಲುವೆಗೆ ಒಯ್ಬೇಡ. ಇಲ್ಲೇ ಇರ್ಲಿ."

ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಅವರು ಒಡ್ಡಿನ ಮೇಲೆ ಬೀಸುನಡಿಗೆಯಲ್ಲಿ ಹೊರಟರು. ಮೀನಿನ ಕೈ ಖೇಂತಮಣಿ ಸರ್ದಾರ್ ಅವರದು. ಅವರಿಗೆ ತಾಯಿಯಿಲ್ಲದ ಮೊಮ್ಮಗಳೊಬ್ಬಳಿದ್ದಳು, ಸುದೀಪ್ತಾ. ಅಜ್ಜಿಯೇ ಸಾಕಿ ಮದುವೆ ಮಾಡಿಕೊಟ್ಟವಳು. ಎರಡು ಬಸಿರು ಇಳಿದುಹೋಗಿದ್ದವೆಂದು ನಿಭಾರಾಣಿ ಕೇಳಿದ್ದರು. ಮೂರನೆಯದು ಯಾರ ಕಣ್ಣಿಗೂ ಬೀಳಬಾರದೆಂದು ಅಜ್ಜಿ ಸಾಧ್ ಮಾಡಿಲ್ಲ. ಸಾಧ್ ಇಲ್ಲದ ಮೇಲೆ ಪಾಯಸವೆಲ್ಲಿ, ಹಾಲೆಲ್ಲಿ? "ಹಾಲು ಖುಷಿಯಾಗಿರೋ ಮನೇನ ಮಾತ್ರ ತೋರಿಸ್ತಿತ್ತು. ಹೆದರಿಕೊಂಡಿರೋ ಮನೆ ಅದಕ್ಕೆ ಕಾಣ್ತಿರ್ಲಿಲ್ಲ. ಇದು ನನಗೆ ಆವತ್ತು ಒಡ್ಡಿನ ಮೇಲೆ ನಡೀತಾ ತಿಳೀತು, ಹತ್ತು ವರ್ಷ ಆದ್ಮೇಲೆ," ಎಂದು ಅವರು ಹೇಳಿದರು.

ನಿಭಾರಾಣಿ ಪಿಶಿ, ಅಂದರೆ ಸೋದರತ್ತೆ ಎಂದು ಕರೆಯುವ ಖೇಂತಮಣಿ ಅಂಗಳದಲ್ಲಿ ಛಾವಣಿಗೆ ಹಗ್ಗ ಬಿಗಿಸುತ್ತಿದ್ದರು. ಎಂಬತ್ತರ ವಯಸ್ಸು, ಏಕಾದಶಿಯ ಉಪವಾಸ. ಆದರೂ ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ಮೊಮ್ಮಗ ಪಲಾಶನೇ ಏದುಸಿರು ಬಿಡುತ್ತಿದ್ದ.

"ಪಿಶಿ, ನಿನ್ನ ದಿಂಬು ದೋಣೀಲಿ ಮರೆತು ಬಂದಿದ್ರು."

ವೃದ್ಧೆ ತಿರುಗಿ ನೋಡಿ ಮತ್ತೆ ಹಗ್ಗದ ಕಡೆ ಮುಖ ಮಾಡಿದರು. "ನಂದಲ್ಲ."

"ಮೀನು ನಿಂದೇ. ಬಾಲ ಎಡಕ್ಕಿದೆ."

"ನದೀಲಿ ಸಾವಿರ ಮೀನಿದೆ. ಎಲ್ಲದರ ಬಾಲ ನೋಡ್ಕೊಂಡು ಬಂದ್ಯಾ?"

"ಸುದೀಪ್ತಾಗೆ ಎಷ್ಟನೇ ತಿಂಗಳು?"

"ಯಾವ ಸುದೀಪ್ತಾ?"

ಒಳಗಿನಿಂದ ದನಿ ಬಂತು. "ಸಾಕು ಠಾಕುಮಾ. ನಿಭಾದಿ, ಒಳಗೆ ಬನ್ನಿ. ಒಂಬತ್ತು ತುಂಬಿ ನಾಲ್ಕು ದಿನ ಆಯ್ತು."

ಹುಡುಗಿ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಬಾತಿತ್ತು. ನಿಭಾರಾಣಿ ಅವಳ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು, ಕುಳಿ ಹಾಗೇ ಉಳಿಯಿತು. ತಲೆ ನೋಯುತ್ತದೆಯೇ ಎಂದು ಕೇಳಿದರು. ಮೂರು ದಿನದಿಂದ ಎಂದಳು. ಕಣ್ಣ ಮುಂದೆ ಏನಾದರೂ ಕಾಣುತ್ತದೆಯೇ? "ಮಿಂಚುಹುಳ ಹಾರಿದ ಹಾಗೆ, ಹಗಲಲ್ಲೂ." ಇದರ ಅರ್ಥವನ್ನು ತರಬೇತಿಯಲ್ಲಿ ಮೂರು ಸಲ ಕೇಳಿದ್ದ ನಿಭಾರಾಣಿ ಹೊರಗೆ ಬಂದು ಒಂದೇ ಮಾತು ಹೇಳಿದರು. "ಪಿಶಿ, ಇವಳಿಗೆ ನಂಜೇರಿದೆ. ಇಲ್ಲಿ ಹೆತ್ರೆ ಇಬ್ರೂ ಉಳಿಯಲ್ಲ. ನಾಳೆ ಬೆಳಗಿನ ಉಬ್ಬರ ಒಂದೇ ಇರೋದು."

"ನಾಳೆ ಶನಿವಾರ."

"ಗೊತ್ತು."

"ಗೊತ್ತಿದ್ದೂ ಹೇಳ್ತೀಯಲ್ಲ, ನಿನ್ನ ಬುದ್ಧಿಗೆ ಉಪ್ಪುನೀರು ನುಗ್ಗಿದ್ಯಾ? ಅತ್ತೆಮನೆಯವರು ಎರಡು ಸಲ ಶನಿವಾರ ನದಿ ದಾಟಿಸಿದ್ರು, ಎರಡು ಸಲಾನೂ ಬರಿಗೈಲಿ ಬಂದ್ಲು. ಮೂರನೇ ಸಲ ನಾನೇ ಕಳಿಸ್ಲಾ? ಇವತ್ತು ಕರ್ಕೊಂಡು ಹೋಗು, ಬೇಡ ಅನ್ನಲ್ಲ."

"ಇವತ್ತು ನೀರಿಲ್ಲ. ಈ ಹೊಟ್ಟೆಯವಳನ್ನ ಕೆಸರಲ್ಲಿ ಹೊರೋಕಾಗಲ್ಲ. ನೀರು ಬರೋ ಹೊತ್ತಿಗೆ ಕತ್ತಲೆ."

"ಹಾಗಾದ್ರೆ ಇಲ್ಲೇ ಇರ್ತಾಳೆ."

ನಿಭಾರಾಣಿ ಶನಿವಾರದ ಬಗ್ಗೆ ವಾದಿಸಲಿಲ್ಲ. ಈ ಬರಹಕ್ಕೆ ಕಾರಣವಾದ ಗುಣ ಅವರಲ್ಲಿ ಎಲ್ಲಿದೆ ಎಂದು ಕೇಳಿದರೆ ಅದು ಇಲ್ಲಿದೆ. ಬ್ಲಾಕ್‌ನಿಂದ ಬಂದ ಯಾರೇ ಆಗಿದ್ದರೂ ಮೂಢನಂಬಿಕೆ ಎಂಬ ಪದವನ್ನು ಆಡಿ, ಬಾಗಿಲನ್ನು ಮುಚ್ಚಿಸಿಕೊಂಡು ಹೋಗುತ್ತಿದ್ದರು. ಇವರು ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಹಗ್ಗದ ಗಂಟೊಂದನ್ನು ಬಿಗಿಸಿಕೊಟ್ಟು, ಆಮೇಲೆ ಕೇಳಿದರು.

"ಪಿಶಿ, ನೀನು ಪುರಿಗೆ ಹೋದ್ಯಲ್ಲ, ರೈಲು ಯಾವ ವಾರ ಇತ್ತು?"

"ಈಗ್ಯಾಕೆ ಪುರಿ?"

"ಹೇಳು."

"ಶನಿವಾರ," ಎಂದು ಖೇಂತಮಣಿ ತಡೆದು ಹೇಳಿದರು.

"ಬುಧವಾರವೇ ನೀನು ಗಂಟು ತಂದು ನನ್ನಮ್ಮನ ಮನೇಲಿಟ್ಟೆ. ಮೂರು ರಾತ್ರಿ ಅಲ್ಲೇ ಇತ್ತು. ನಾನು ಅದರ ಮೇಲೆ ಕೂತ್ಕೊಂಡಿದ್ದಕ್ಕೆ ನೀನು ಬೈದಿದ್ದೆ. ಬುಧವಾರವೇ ಯಾತ್ರೆ ಹೊರಟಾಯ್ತು, ಶನಿವಾರ ಬರೀ ರೈಲು ಹತ್ತೋದು ಅಂದಿದ್ದೆ."

"ಅದು ಗಂಟು ಕಣೇ. ಇದು ಹುಡುಗಿ."

"ಗಂಟು ಹೋಗಿ ಕೂತ್ರೇ ಯಾತ್ರೆ ಆಗತ್ತೆ. ಆಳೇ ಹೋಗಿ ಕೂತ್ರೆ ಆಗಲ್ವಾ? ನನ್ನ ಮನೆ ಘಾಟಿನ ಪಕ್ಕ ಇದೆ. ಇವತ್ತು ಶುಕ್ರವಾರ, ಏಕಾದಶಿ. ಸೂರ್ಯ ಮುಳುಗೋ ಮುಂಚೆ ಈ ಹೊಸ್ತಿಲು ದಾಟ್ಲಿ. ನಾಳೆ ಬರೀ ದೋಣಿ ಹತ್ತೋದು."

ಆಗ ಪಿಶಿ ಅತ್ತರೆಂದು ನಿಭಾರಾಣಿ ಹೇಳುತ್ತಾರೆ. ಖೇಂತಮಣಿ ಅದನ್ನು ಒಪ್ಪುವುದಿಲ್ಲ. ಅಂದು ಒಲೆಗೆ ಹಸಿ ಸೌದೆ ಹಾಕಿದ್ದರಂತೆ, ಹೊಗೆಯಂತೆ. ಏಕಾದಶಿಯಂದು ಒಲೆ ಯಾಕೆ ಉರಿಯುತ್ತಿತ್ತು ಎಂಬ ಪ್ರಶ್ನೆಗೆ, "ಹುಡುಗಿಗೆ ಗಂಜಿ ಬೇಡ್ವಾ? ನಿಮ್ಮಮ್ಮ ನಿಮಗೆ ಏನೂ ಕಲಿಸಿಲ್ವಾ?" ಎಂಬ ಉತ್ತರ ದೊರೆತಿದೆ. ಮುಂದಿನ ಮಾತಿನ ವಿಷಯದಲ್ಲಿ ಮಾತ್ರ ಇಬ್ಬರ ನೆನಪೂ ಅಕ್ಷರಶಃ ಒಂದೇ.

"ನಿಭಾ, ನೀನೂ ದೋಣೀಲಿ ಕೂತ್ಕೋಬೇಕು. ಹತ್ತಿದಾಗಿಂದ ಇಳಿಯೋ ತನಕ ಅವಳ ಕೈ ಬಿಡಬಾರದು. ಏನಾದ್ರೂ ಆದ್ರೆ ನಾನು ಶನೀನ ಕೇಳಲ್ಲ, ನಿನ್ನನ್ನ ಕೇಳ್ತೀನಿ."

"ಕೇಳು ಪಿಶಿ."

ಇದು ಸಣ್ಣ ಮಾತಾಗಿರಲಿಲ್ಲ. ಗಾಳಿಯ ದಿನ ಅವರ ಜಾಗ ಶಾಲೆಯ ಮಾಳಿಗೆ. ಅಲ್ಲಿಗೆ ಬರುವ ಮುದುಕರು, ಹಸುಗೂಸುಗಳು, ಮಾತ್ರೆ ತಪ್ಪಿಸಬಾರದವರು, ಎಲ್ಲರ ಪಟ್ಟಿಯೂ ಅವರ ತಲೆಯಲ್ಲಿತ್ತು. ಆ ಸಂಜೆ ಅವರು ಅದನ್ನೆಲ್ಲ ಕಾಗದದ ಮೇಲಿಳಿಸಿ ಸುಬಲ್‌ಗೆ ಎರಡು ಸಲ ಓದಿಸಿದರು. "ಬಟ್ಟೆ ಅಳತೆ ತಗೊಂಡ ಹಾಗೆ ತಗೊಳ್ಳಿ. ಒಂದು ಬೆರಳು ಹೆಚ್ಚುಕಮ್ಮಿ ಆಗಬಾರದು." "ನಾನು ಹೊಲಿದ ಯಾವ ರವಿಕೆ ಬಿಗಿಯಾಗಿತ್ತು ನಿನಗೆ?" ಎಂದರಂತೆ ಸುಬಲ್.

ಸಂಜೆ ಐದಕ್ಕೆ ಮೊದಲೇ ಖೇಂತಮಣಿಯ ಬಾಗಿಲಲ್ಲಿ ತುಂಬಿದ ಬಿಂದಿಗೆಯಿಟ್ಟು, ಮಾವಿನ ಕುಡಿಯಿಟ್ಟು, ಸುದೀಪ್ತಾಳ ಹಣೆಗೆ ಮೊಸರಿನ ಬೊಟ್ಟಿಟ್ಟರು. ದುರ್ಗಾ, ದುರ್ಗಾ ಎಂದು ಅಜ್ಜಿ ಮೂರು ಸಲ ಹೇಳಿದ ಮೇಲೆ ಅವಳು ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಪಲಾಶನೂ ನೆರೆಯ ಮೂವರೂ ಜೋಲಿಯಲ್ಲಿ ಅವಳನ್ನು ಘಾಟಿನ ಪಕ್ಕದ ಮನೆಗೆ ತಂದರು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ನೀರು ಮೆಟ್ಟಿಲು ಮುಟ್ಟಿತು. ಮಳೆ ಅಡ್ಡಡ್ಡ ಬೀಳುತ್ತಿತ್ತು. ಅನುಕೂಲ್ ದೊಡ್ಡ ನದಿಯನ್ನು ಬಿಟ್ಟು ಕಾಡಂಚಿನ ಕಾಲುವೆ ಹಿಡಿದ. ನಲವತ್ತು ನಿಮಿಷ ಸುತ್ತು, ಆದರೆ ಗಾಳಿ ಮರಗಳ ಮೇಲೇ ಹಾದುಹೋಗುತ್ತದೆ. ಕಾಲುವೆ ಮುಗಿದು ತೆರೆದ ನೀರಿಗೆ ಬಂದ ಕಾಲು ಗಂಟೆ ಮಾತ್ರ ದೋಣಿ ಎದ್ದೆದ್ದು ಬಿತ್ತು. ಟಾರ್ಪಾಲಿನ ಕೆಳಗೆ, ಕೆಂಪು ಮೀನಿನ ದಿಂಬಿನ ಮೇಲೆ ಒರಗಿದ್ದ ಸುದೀಪ್ತಾ ಕಣ್ಣು ತೆರೆದಳು.

"ನಿಭಾದಿ, ಕೈ ನೋಯ್ತಾ ಇಲ್ವಾ?"

"ನೋಯ್ತಿದೆ."

"ಸ್ವಲ್ಪ ಬಿಡಿ ಮತ್ತೆ. ಠಾಕುಮಾ ಇಲ್ಲಿಲ್ಲವಲ್ಲ."

"ನಿನ್ನ ಠಾಕುಮಾಗೆ ಹುಲಿನೂ ದಾರಿ ಬಿಡತ್ತೆ. ನಾನ್ಯಾವಳು? ಸುಮ್ನೆ ಮಲಗು."

ಹಿಂಬದಿಯಿಂದ ಅನುಕೂಲ್ ಕೂಗಿದ. "ದಿದಿ, ನನ್ನ ಮಗನ ತಲೆ?"

"ಇದೆಯೋ, ಕುತ್ತಿಗೆ ಮೇಲೇ ಇದೆ! ನೀನು ಮುಂದೆ ನೋಡ್ಕೊಂಡು ನಡೆಸು!"

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಅವರು ಆಚೆ ದಡ ಮುಟ್ಟಿದರು. ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಮೇಲೆ ಮಲಗಿಸುವ ತನಕ ನಿಭಾರಾಣಿ ಕೈ ಬಿಡಲಿಲ್ಲ. ಅಷ್ಟು ಹೊತ್ತಿಗೆ ಬೆರಳುಗಳು ತಾವಾಗಿ ಬಿಚ್ಚಿಕೊಳ್ಳದೆ ನರ್ಸ್ ಬಿಡಿಸಬೇಕಾಯಿತು. ರಕ್ತದೊತ್ತಡ ನೋಡಿದ ಡಾಕ್ಟರ್ ಆಗಲೇ ಸೂಜಿ ತರಿಸಿದರಂತೆ.

ಗಾಳಿ ಆ ದಿನವೇ ಅಪ್ಪಳಿಸಿತು. ಹೆಂತಾಲಖಾಲಿಯ ಒಡ್ಡು ಎರಡು ಕಡೆ ಸೋರಿತು, ಆದರೆ ಒಡೆಯಲಿಲ್ಲ. ಶಾಲೆಯ ಮಾಳಿಗೆಯಲ್ಲಿ ಸುಬಲ್ ಪಟ್ಟಿಯ ಪ್ರಕಾರ ಎಲ್ಲರನ್ನೂ ನೋಡಿಕೊಂಡರು. ಒಬ್ಬ ಮುದುಕನಿಗೆ ಮಾತ್ರ ಇನ್ನೊಬ್ಬನ ಮಾತ್ರೆ ಕೊಟ್ಟರು, ಅವನು ಮಾರನೆಯ ಮಧ್ಯಾಹ್ನದವರೆಗೆ ಮಲಗಿಬಿಟ್ಟ. ನಿಭಾರಾಣಿಯವರ ಮನೆಯಲ್ಲಿ ಈ ವಿಷಯ ಇಂದಿಗೂ ಇತ್ಯರ್ಥವಾಗಿಲ್ಲ.

2020ರಿಂದೀಚೆಗೆ ದ್ವೀಪದ ಪದ್ಧತಿ ಬದಲಾಗಿದೆ. ಗಾಳಿಯ ತಿಂಗಳುಗಳಲ್ಲಿ ಎಂಟು ತುಂಬಿದ ಪ್ರತಿ ಬಸುರಿಯೂ, ಸೊಸೆಯಾಗಲಿ ಮಗಳಾಗಲಿ, ತನಗೆ ಒಪ್ಪುವ ವಾರ ತಿಥಿ ನೋಡಿ ಹೊಸ್ತಿಲು ದಾಟಿ ಘಾಟಿನ ಬಳಿಯ ಐದು ಮನೆಗಳಲ್ಲೊಂದಕ್ಕೆ ಬಂದು ಇರುತ್ತಾಳೆ. ಆಮೇಲೆ ದೋಣಿ ಯಾವ ವಾರ ಹೊರಟರೂ ಯಾರ ತಕರಾರೂ ಇಲ್ಲ. ಒಳ್ಳೆಯ ದಿನ ನೋಡಿ ಹೇಳುವ ಕೆಲಸವನ್ನು ಖೇಂತಮಣಿ ತಾವೇ ವಹಿಸಿಕೊಂಡಿದ್ದಾರೆ, ಅಡ್ಡಿಯಿದ್ದ ಕಡೆ ಅಡ್ಡಿಯಿಲ್ಲದ ಗಳಿಗೆಯನ್ನೂ ಅವರೇ ಹುಡುಕುತ್ತಾರೆ. ಹಾಗಾಗಿ ಗುಟ್ಟಿನ ಬಸಿರುಗಳೂ ಮೊದಲು ತಿಳಿಯುವುದು ಅವರಿಗೇ. ಅಲ್ಲಿಂದ ನಿಭಾರಾಣಿಗೆ. ಗೋಷ್ಠ ಘೋಷ್‌ನನ್ನು ಈಗ ಯಾರೂ ಕಾಡುವುದಿಲ್ಲ, ಅದಕ್ಕೆ ಅವನಿಗೆ ತುಸು ಬೇಸರವೂ ಇದೆ.

ಈ ಬರಹಕ್ಕಾಗಿ ಬ್ಲಾಕ್ ಆಸ್ಪತ್ರೆಯ ಹೆರಿಗೆ ರಿಜಿಸ್ಟರನ್ನು 2022ರ ಏಪ್ರಿಲ್‌ನಲ್ಲಿ ಅನುಮತಿ ಪಡೆದು ನೋಡಲಾಯಿತು. ಸಂಬಂಧಪಟ್ಟ ಸಾಲು ನೀಲಿ ಶಾಯಿಯಲ್ಲಿ ಹೀಗಿದೆ: 10 ನವೆಂಬರ್ 2019, ಭಾನುವಾರ, ಬೆಳಿಗ್ಗೆ 6.40, ಸುದೀಪ್ತಾ, ವಯಸ್ಸು ಇಪ್ಪತ್ತೆರಡು, ಬಂದ ಊರು ಹೆಂತಾಲಖಾಲಿ, ಹೆಣ್ಣು ಮಗು, ತೂಕ ಎರಡು ಕಿಲೋ ಮುನ್ನೂರು ಗ್ರಾಂ, ತಾಯಿ ಮಗು ಇಬ್ಬರೂ ಜೀವಂತ.